ಕಾಲಿನೊಳಗೆ ಗಾಜು ಇಟ್ಟವರು

ಅವರ ಬೂಟಿನ ಮೇಲೆ ಯಾವಾಗಲೂ ಬಿಳಿ ಹನಿಗಳಿರುತ್ತಿದ್ದವು. ನೂಲಿನ ಸೀರೆ, ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಸೆರಗು, ಅದರ ಕೆಳಗೆ ಗಂಡಸರು ಹಾಕುವಂಥ ಕಪ್ಪು ಕ್ಯಾನ್ವಾಸ್ ಬೂಟು, ಬೂಟಿನ ಮೇಲೆ ಒಣಗಿ ಗಟ್ಟಿಯಾದ ಪ್ಲಾಸ್ಟರಿನ ಚುಕ್ಕೆಗಳು. ಆಳು ಕುಳ್ಳಗೆ. ಮುಂಗೈ ಮಾತ್ರ ದಿನಾ ರೊಟ್ಟಿ ಬಡಿಯುವ ಹೆಂಗಸರದ್ದು ಇರುತ್ತದಲ್ಲ, ಹಾಗೆ ನರ ಎದ್ದು ಗಟ್ಟಿಯಾಗಿತ್ತು. ಹುಮನಾಬಾದಿನ ಆ ಆಸ್ಪತ್ರೆಯ ವರಾಂಡದಲ್ಲಿ ಮೊದಲ ಸಲ ನೋಡಿದಾಗ ನಮ್ಮವ್ವ ಅವರನ್ನು ಗೋಡೆಗೆ ಸುಣ್ಣ ಹಚ್ಚಲು ಬಂದವರು ಅಂದುಕೊಂಡಳು. "ಯಕ್ಕಾ, ಎಲುಬಿನ ಡಾಕ್ಟರ್ ಯಾವ ಖೋಲ್ಯಾಗ ಕುಂಡ್ರತಾರ?" ಅಂತ ಅವರನ್ನೇ ಕೇಳಿದಳು. ಅವರು "ಬರ್ರಿ, ತೋರಸ್ತೀನಿ" ಅಂತ ಮುಂದೆ ಮುಂದೆ ನಡೆದು, ಖೋಲಿಯ ಬಾಗಿಲು ತೆಗೆದು, ಮೇಜಿನ ಹಿಂದಿನ ಕುರ್ಚಿಯಲ್ಲಿ ತಾವೇ ಕೂತು, "ಹಾಂ, ಈಗ ಹೇಳ್ರಿ" ಅಂದರು. ಅವ್ವ ನಾಲಿಗೆ ಕಚ್ಚಿಕೊಂಡಳು. ಗಾಲಿಕುರ್ಚಿಯಲ್ಲಿ ಕೂತಿದ್ದ ನನಗೆ ನಗು ಬಂತು. ನಗುವುದನ್ನು ಬಿಟ್ಟು ಆಗಲೇ ವರ್ಷದ ಹತ್ತಿರ ಆಗಿತ್ತು.

ನಮ್ಮ ಕಡೆ ಓದಿದ ಹೆಣ್ಣುಮಕ್ಕಳಿಗೆ, ದೊಡ್ಡವರಿಗೆ, ಮರ್ಯಾದೆಯಿಂದ 'ಬಾಯಿ' ಅನ್ನುವುದುಂಟು. ಹಾಗಾಗಿ ಅವರು ಹುಮನಾಬಾದಿಗೆಲ್ಲ ಡಾಕ್ಟರಬಾಯಿ. ಬಾಗಿಲಿಗೆ ಹೆಸರಿನ ಫಲಕ ಇತ್ತು, ಅದನ್ನು ಓದಿದವರನ್ನು ನಾನು ಕಾಣೆ. ನಾನೂ ಇಲ್ಲಿ ಆ ಹೆಸರು ಬರೆಯುವುದಿಲ್ಲ. ಬರೆದರೆ ಬೇರೆ ಯಾರ ಬಗ್ಗೆಯೋ ಬರೆದ ಹಾಗೆ ಅನಿಸುತ್ತದೆ.

ನಾನು ಬಸವಕಲ್ಯಾಣದಿಂದ ಹುಮನಾಬಾದಿಗೂ ಹುಲಸೂರಿಗೂ ಓಡುವ ಸರಕಾರಿ ಬಸ್ಸಿನ ಕಂಡಕ್ಟರ್. ನನ್ನ ನಾಲಿಗೆ ಹರಿತ ಅನ್ನುವುದು ಆ ದಾರಿಯ ಮಂದಿಗೆಲ್ಲ ಗೊತ್ತು. ಬಾಗಿಲಲ್ಲಿ ಜೋತಾಡುವ ಕಾಲೇಜು ಹುಡುಗರಿಗೆ "ಒಳಗ ಬರ್ರಿ ಸಾಹೇಬರ, ಎಲುಬು ಮುರಕೊಂಡ್ರ ಹೊಸಾದು ಯಾವ ಅಂಗಡ್ಯಾಗೂ ಸಿಗಂಗಿಲ್ಲ" ಅನ್ನುತ್ತೇನೆ. ಅವರು ನಕ್ಕು ಒಳಗೆ ಬರುತ್ತಾರೆ. ಬರದಿದ್ದರೆ ಸೀಟಿ ಊದಿ ಬಸ್ಸು ನಿಲ್ಲಿಸುತ್ತೇನೆ, ಆಮೇಲೆ ಉಳಿದ ಪ್ರಯಾಣಿಕರೇ ಅವರ ಪೂಜೆ ಮಾಡುತ್ತಾರೆ. ದಿನವೆಲ್ಲ ಕುಲುಕುವ ಬಸ್ಸಿನಲ್ಲಿ ನಿಂತೇ ಇರುವ ಕೆಲಸ ಇದು. ನಿಲ್ಲಲು ಇರುವ ಎರಡು ಕಾಲಲ್ಲಿ ಎಡಗಾಲು ಡಾಕ್ಟರಬಾಯಿ ಉಳಿಸಿಕೊಟ್ಟದ್ದು.

ನಮ್ಮದು ಕುರಿ ಕಾಯುವ ಮನೆತನ. ಮಂಠಾಳದ ಹತ್ತಿರ ಊರು. ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಅಪ್ಪ ಅವ್ವ ಹಿಂಡು ಹೊಡೆದುಕೊಂಡು ಊರೂರು ತಿರುಗುವರು. ಯಾರ ಹೊಲಕ್ಕೆ ಗೊಬ್ಬರ ಬೇಕೋ ಅವರ ಹೊಲದಲ್ಲಿ ಕುರಿ ಕೂಡಿಹಾಕುವುದು, ಅಲ್ಲಿಂದ ಮುಂದಿನ ಹೊಲ. ನಾನು ಬಸವಕಲ್ಯಾಣದಲ್ಲಿ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದೆ. ರಜೆಯಲ್ಲಿ ಹಿಂಡಿನ ಜೊತೆ ಹೋಗಿದ್ದೆ. ಹುಮನಾಬಾದಿನ ಹತ್ತಿರ ಹೈವೇ ದಾಟಿಸುವಾಗ ಒಂದು ಟೆಂಪೋ ಬಂತು. ಮರಿ ಉಳಿಸಲು ನಾನು ಅಡ್ಡ ಹಾರಿದೆ ಅಂತ ಊರಲ್ಲಿ ಕಥೆ ಕಟ್ಟಿದ್ದಾರೆ. ಸುಳ್ಳು. ಟೆಂಪೋದವ ಕುರಿಗಳನ್ನೆಲ್ಲ ಜೋಪಾನವಾಗಿ ತಪ್ಪಿಸಿ ನನಗೆ ಬಂದು ಬಡಿದ. ಒಂದು ಕುರಿಗೂ ಏನೂ ಆಗಲಿಲ್ಲ. ನನ್ನ ಎಡ ಮೊಣಕಾಲಿನ ಕೆಳಗಿನ ಎಲುಬು ಮುರಿದು ಚರ್ಮ ಹರಿದು ಹೊರಗೆ ಬಂತು.

ರಸ್ತೆಯ ಮಣ್ಣು, ಕುರಿಯ ಹಿಕ್ಕಿ ಎಲ್ಲ ಗಾಯದೊಳಗೆ ಹೋಗಿತ್ತು. ತೊಳೆದರು, ಸರಳು ಹಾಕಿದರು, ಹೊಲಿದರು. ಯಾರನ್ನೂ ದೂರುವುದಿಲ್ಲ, ಆ ಹೊಲಸೇ ಅಂಥದ್ದು. ಎಲುಬಿನೊಳಗೆ ಕೀವು ಮನೆ ಮಾಡಿತು. ಒಂದು ಕಡೆ ಮಾಯ್ದರೆ ಇನ್ನೊಂದು ಕಡೆ ಬಾಯಿ ತೆರೆಯುವುದು. ಎಲುಬಂತೂ ಕೂಡಲೇ ಇಲ್ಲ. ಕಡೆಗೆ ದೊಡ್ಡ ಊರಿನ ಡಾಕ್ಟರೊಬ್ಬರು ಮೊಣಕಾಲಿನ ಕೆಳಗೆ ಕಡಿಯುವುದೇ ಒಳ್ಳೆಯದು, ಕೀವು ಮೇಲಕ್ಕೇರಿದರೆ ಜೀವಕ್ಕೇ ಕುತ್ತು ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನಡೆದೇ ಉಣ್ಣುವ ಮನೆತನದಲ್ಲಿ ಕಾಲು ಕಡಿಯುವ ಮಾತು ಎಂಥದು ಅಂತ ನಡೆದು ಉಣ್ಣುವವರಿಗೇ ಗೊತ್ತು. ಬೀಗರು ಬಿಜ್ಜರು ಬಂದು ಕೂತು ಲೊಚಗುಟ್ಟುವರು. ಒಬ್ಬ ಸೋದರತ್ತೆ "ಕುಂಟ ಕುರಿ ಆದ್ರ ಮಾರಬಹುದಿತ್ತು" ಅಂದಳು. ಅವಳ ಕಡೆಗೆ ತಂಬಿಗೆ ಬೀಸಿ ಒಗೆದೆ. ಗುರಿ ತಪ್ಪಿತು ಅಂತ ಇವತ್ತಿಗೂ ಬೇಜಾರಿದೆ.

ನಾವು ಕುರಿ ಕೂಡಿಹಾಕುತ್ತಿದ್ದ ಹೊಲದ ಗೌಡರೊಬ್ಬರು "ಕಡಿಸೂಕಿಂತ ಮೊದಲ ಹುಮನಾಬಾದಿನ ಬಾಯಿಯವರಿಗೆ ಒಮ್ಮೆ ತೋರಸ್ರಿ" ಅಂದದ್ದಕ್ಕೆ ನಾವು ಹೋದೆವು. ಡಾಕ್ಟರಬಾಯಿ ಎಕ್ಸ್‌ರೇ ಆಮೇಲೆ ನೋಡಿದರು. ಮೊದಲು ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಮೊಣಕಾಲಿನಿಂದ ಕೆಳಗೆ ಮೆಲ್ಲಗೆ ಒತ್ತುತ್ತ ಬಂದರು. ಕೀವಿನ ವಾಸನೆಗೆ ನನಗೇ ಅಸಹ್ಯವಾಗುತ್ತಿತ್ತು, ಅವರು ಮುಖ ತಿರುಗಿಸಲಿಲ್ಲ. ಆಮೇಲೆ ನನ್ನನ್ನೇ ನೋಡಿ ಹೇಳಿದರು:

"ತಂಗಿ, ಕಾಲು ಉಳಸ್ತೀನಿ ಅಂತ ಖಾತ್ರಿ ಕೊಡಂಗಿಲ್ಲ. ಉಳಸಾಕ ನೋಡ್ತೀನಿ, ಅದರ ಖಾತ್ರಿ ಕೊಡ್ತೀನಿ. ಆಗಲಿಲ್ಲಂದ್ರ ನಾನೇ ಕಡೀತೀನಿ. ಬ್ಯಾರೆಯವರ ಕೈಯಾಗ ನಿನ್ನ ಕೊಡಂಗಿಲ್ಲ."

ಅಷ್ಟು ದಿನ ಎಲ್ಲರೂ ಅಪ್ಪನ ಮುಖ ನೋಡಿ ಮಾತಾಡಿದ್ದರು. ನನ್ನ ಕಾಲಿನ ಮಾತನ್ನು ನನಗೆ ಹೇಳಿದವರು ಇವರೊಬ್ಬರೇ. ಕಡಿಯುತ್ತೇನೆ ಅಂದವರ ಮೇಲೆ ನಂಬಿಕೆ ಹುಟ್ಟುವುದು ವಿಚಿತ್ರ, ಆದರೂ ಹುಟ್ಟಿತು.

ಅಪ್ಪ ಸುಮ್ಮನಿರುವವನಲ್ಲ. ಕುರಿಯ ಕಾಲು ಮುರಿದರೆ ಬಿದಿರಿನ ದಬ್ಬೆ ಇಟ್ಟು ಉಣ್ಣೆಯ ಪಟ್ಟಿ ಸುತ್ತಿ ಕೂಡಿಸುವುದರಲ್ಲಿ ಸುತ್ತಲಿನ ಹಟ್ಟಿಗಳಲ್ಲೆಲ್ಲ ಅವನಿಗೆ ಹೆಸರಿತ್ತು. "ಬಾಯಿಯವರ, ನಮ್ಮ ಕುರೀವು ಇಷ್ಟೊತ್ತಿಗೆ ಓಡ್ಯಾಡತಾವರಿ. ಈಕೀದು ಯಾಕ ಕೂಡವಲ್ದು?" ಅಂದ. ಅವರು ಅವನನ್ನು ತಮ್ಮ ಜೊತೆಯ ಡಾಕ್ಟರನಂತೆಯೇ ಕೂಡಿಸಿಕೊಂಡು ವಾದಕ್ಕಿಳಿದರು. "ಕಾಕಾ, ಕುರಿ ಒಂದು ಕಾಲು ಎತ್ತಿ ಮೂರರ ಮ್ಯಾಲ ನಿಲ್ತದ. ನಿಮ್ಮ ಮಗಳು ಒಂದು ಎತ್ತಿದ್ರ ಉಳಿಯೋದು ಒಂದೇ. ಮ್ಯಾಲ ಕೀವು ಆಗ್ಯದ. ಕೀವಾದ ಕುರಿಕಾಲು ನೀವು ಕೂಡಸೀರೇನು?" ಅಪ್ಪ ತಲೆ ಕೆರೆದುಕೊಂಡು "ಇಲ್ರಿ. ಅದನ್ನ ಮಾರಿಬಿಡ್ತೀವಿ" ಅಂದ. "ಹಾಂ. ನಾ ಮಾರಂಗಿಲ್ಲ, ಅಷ್ಟೇ ಫರಕ್" ಅಂದರು. ಅಪ್ಪ ಅವತ್ತಿನಿಂದ ಅವರ ಪಕ್ಷ.

ಅವರ ಲೆಕ್ಕ ಹೀಗಿತ್ತು. ಮೊದಲು ಒಳಗಿನ ಸರಳು ತೆಗೆದು, ಸತ್ತ ಎಲುಬನ್ನೆಲ್ಲ ಕೆರೆದು, ಕಾಲಿನ ಹೊರಗೊಂದು ಕಬ್ಬಿಣದ ಚೌಕಟ್ಟು ಕಟ್ಟುವುದು. ಕೆರೆದ ಮೇಲೆ ಎಲುಬಿನ ನಡುವೆ ಒಂದು ಗುಳಿ ಉಳಿಯುತ್ತದೆ, ಹೆಬ್ಬೆರಳು ಹಿಡಿಸುವಷ್ಟು. ಆ ಗುಳಿ ತುಂಬಬೇಕು. ನನ್ನದೇ ಸೊಂಟದ ಎಲುಬಿನಿಂದ ಒಂದಿಷ್ಟು ಚೂರು ತೆಗೆಯುವುದು, ಅದು ಸಾಲದು, ಅದರ ಜೊತೆ ಇನ್ನೊಂದು ವಸ್ತು. ಅದನ್ನು ಹೈದರಾಬಾದಿನಿಂದ ತರಿಸಿದ್ದರು. ಸಣ್ಣ ಶೀಶೆಯಲ್ಲಿ ದಪ್ಪ ರವೆಯಂಥ ಬಿಳಿ ಕಾಳು. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದೇನ್ರಿ ಬಾಯಿಯವರ, ಸಕ್ರೀನಾ?"

"ಗಾಜು, ಅವ್ವಾ."

ಅವ್ವ ಶೀಶೆಯನ್ನು ಮೇಜಿನ ಮೇಲಿಟ್ಟು ಕೈ ಸೀರೆಗೆ ಒರೆಸಿಕೊಂಡಳು. "ಕಾಲಾಗ ಗಾಜು ಚುಚ್ಚಿದ್ರ ಮಂದಿ ನಿಮ್ಮ ಕಡೆ ತಗಸ್ಕೊಳಾಕ ಬರ್ತಾರರಿ. ನೀವು ನನ್ನ ಮಗಳ ಕಾಲಾಗ ತುಂಬತೀನಿ ಅಂತೀರಿ?"

ಬೇರೆ ಡಾಕ್ಟರಾದರೆ ರೇಗುತ್ತಿದ್ದರು, ಇಲ್ಲವೇ ಸಹಿ ಮಾಡಿಸಿಕೊಂಡು ಕಳಿಸುತ್ತಿದ್ದರು. ಇವರು ಅವ್ವನ ಸೊಂಟದಲ್ಲಿದ್ದ ಎಲೆಅಡಿಕೆ ಚೀಲ ಕೇಳಿ ಇಸಿದುಕೊಂಡರು. ಸುಣ್ಣದ ಡಬ್ಬಿ ತೆಗೆದು ಶೀಶೆಯ ಪಕ್ಕದಲ್ಲಿಟ್ಟರು. "ಇದರಾಗಿನ ಸುಣ್ಣಾನೇ ಅದರಾಗೂ ಅದ. ಸುಣ್ಣ, ಉಸುಕು, ಸೋಡಾ, ಜರಾ ರಂಜಕ. ಕಾಸಿ ಕರಗಿಸಿ ಗಾಜು ಮಾಡಿ, ಕಾಳು ಕಾಳು ಒಡದಾರ. ಇದು ಕಿಡಕಿ ಗಾಜಲ್ಲ. ಮೈಯಾಗಿನ ನೀರು ತಾಗಿದ್ರ ಇದರ ಮ್ಯಾಲ ತೆಳ್ಳಾಂದೊಂದು ಪದರು ಬೆಳೀತದ, ಆ ಪದರು ಥೇಟ ಎಲುಬಿನಂಗೇ ಇರ್ತದ. ಎಲುಬಿನ ಜೀವಕಣ ಬಂದು ಮುಟ್ಟಿ ನೋಡ್ತಾವ. ಅರೇ, ಇದು ನಮ್ಮದೇ ಅಂತ ಅದರ ಮ್ಯಾಲ ಹತ್ತಿ ಕುಂತು ಹೊಸ ಎಲುಬು ಕಟ್ಟಾಕ ಸುರು ಮಾಡ್ತಾವ. ಗಾಜು ಮೆಲ್ಲಕ ಕರಗಿ ಹೋಗ್ತದ. ಇದು ಇದ್ದಲ್ಲಿ ಕೀವಿನ ಕ್ರಿಮಿಗೂ ಬಾಳೇವು ಕಠಿಣ."

ಅಪ್ಪ ಮುಂದೆ ಬಾಗಿ ಶೀಶೆಯೊಳಗಿನ ಕಾಳನ್ನು ನೋಡಿದ. ಆಮೇಲೆ "ಅಂದ್ರ ಪರದೇಶಿ ಮರಿಗಿ ಹಾಲು ಸವರಿದಂಗ" ಅಂದ.

"ಏನಂದ್ರಿ?"

ಅಪ್ಪ ವಿವರಿಸಿದ. ಒಂದು ಕುರಿಯ ಮರಿ ಸತ್ತಿರುತ್ತದೆ, ಕೆಚ್ಚಲು ಬಿಗಿದು ಒದ್ದಾಡುತ್ತಿರುತ್ತದೆ. ಇನ್ನೊಂದು ಕಡೆ ತಾಯಿ ಸತ್ತ ಪರದೇಶಿ ಮರಿ ಹಸಿದು ಅರಚುತ್ತಿರುತ್ತದೆ. ಸುಮ್ಮನೆ ಕೊಂಡೊಯ್ದು ಬಿಟ್ಟರೆ ಕುರಿ ಮೂಸಿ ನೋಡಿ, ನನ್ನದಲ್ಲ ಅಂತ ಒದೆಯುತ್ತದೆ. ಅದಕ್ಕೇ ಆ ಕುರಿಯ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೆ, ಬಾಲಕ್ಕೆ ಸವರಿ ಬಿಡಬೇಕು. ಕುರಿ ಮೂಸುತ್ತದೆ, ತನ್ನದೇ ವಾಸನೆ ಬರುತ್ತದೆ, ಕುಡಿಯಗೊಡುತ್ತದೆ. ನಾಲ್ಕು ದಿನ ಕಳೆದರೆ ಸವರುವುದೂ ಬೇಡ.

ಡಾಕ್ಟರಬಾಯಿ ಶೀಶೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. "ಕಾಕಾ, ಇನ್ನೊಮ್ಮೆ ಹೇಳ್ರಿ" ಅಂತ ಇನ್ನೊಮ್ಮೆ ಹೇಳಿಸಿದರು. ಅಲ್ಲಿಂದ ಮುಂದೆ ಗಾಜು ಹಾಕಬೇಕಾದ ಪ್ರತಿ ರೋಗಿಗೂ ಅವರು ಪರದೇಶಿ ಮರಿಯ ಕಥೆಯನ್ನೇ ಹೇಳುತ್ತಿದ್ದರು, ಮತ್ತು ಹೇಳಿದ ಮೇಲೆ "ಇದು ನನ್ನ ಮಾತಲ್ಲ, ಮಂಠಾಳ ಕಡಿ ಕಾಕಾಂದು" ಅಂತ ಸೇರಿಸುವುದನ್ನು ಮರೆಯುತ್ತಿರಲಿಲ್ಲ. ಅಪ್ಪನಿಗೆ ಇದು ತಿಳಿದು ಒಂದು ವಾರ ಎದೆ ಉಬ್ಬಿಸಿಕೊಂಡು ತಿರುಗಿದ. ಅವ್ವ ಮಾತ್ರ ಶೀಶೆಗೊಂದು ಕೈಮುಗಿದು "ಹ್ಯಾಂಗಾರ ಆಗಲಿ, ಚುಚ್ಚದಂಗ ಹಾಕ್ರಿ" ಅಂದಳು.

ಆಪರೇಷನ್ ಆಯಿತು. ಆ ನೋವಿನ ಬಗ್ಗೆ ಬರೆಯುವುದಿಲ್ಲ. ಅನುಭವಿಸಿದವರಿಗೆ ಬೇಕಿಲ್ಲ, ಉಳಿದವರಿಗೆ ತಿಳಿಯುವುದಿಲ್ಲ. ಆದರೆ ಆ ವಾರ್ಡಿನಲ್ಲಿ ಮಲಗಿ ಡಾಕ್ಟರಬಾಯಿಯನ್ನು ಕಂಡದ್ದು ಬರೆಯಬೇಕು. ಫ್ಯಾಕ್ಟರಿಯಲ್ಲಿ ಕೈ ಸಿಕ್ಕಿಸಿಕೊಂಡವರು, ಹೈವೇಯಲ್ಲಿ ಉರುಳಿದ ಲಾರಿ ಡ್ರೈವರುಗಳು, ಬಾವಿ ಕಟ್ಟೆಯಿಂದ ಬಿದ್ದ ಅಜ್ಜಿಯರು, ಎಲ್ಲರ ಜೊತೆ ಅವರವರ ಭಾಷೆಯಲ್ಲೇ ಜಗಳಾಡುತ್ತಿದ್ದರು. ಮರಾಠಿಯಲ್ಲಿ ಬೈದು ಉರ್ದುವಿನಲ್ಲಿ ಸಮಾಧಾನ ಮಾಡಿ ಕನ್ನಡದಲ್ಲಿ ಚಹಾ ತರಲು ಹೇಳುವರು. ಪ್ಲಾಸ್ಟರ್ ಹಾಕಿದ ಮೇಲೆ ಗಡಿಗೆ ಕೊಳ್ಳುವವರ ಹಾಗೆ ಬೆರಳ ಗೆಣ್ಣಿನಿಂದ ಬಡಿದು ಕಿವಿಯಿಟ್ಟು ಕೇಳುವ ಚಟ ಇತ್ತು. ಪೇರಲ ಹಣ್ಣಿಗೆ ಉಪ್ಪು ಖಾರ ಹಚ್ಚಿ ತಿನ್ನುತ್ತಲೇ ಎಕ್ಸ್‌ರೇ ನೋಡುವರು. "ಯಾವಾಗ ನೆಟ್ಟಗಾಗ್ತದರಿ?" ಅಂತ ಯಾರು ಕೇಳಿದರೂ ಒಂದೇ ಉತ್ತರ: "ಸಬರ್ ಮಾಡ್ರಿ, ಸುಸ್ತಿ ಮಾಡಬ್ಯಾಡ್ರಿ." ತಾಳ್ಮೆ ಇರಲಿ, ಆಲಸ್ಯ ಬೇಡ ಅಂತ. ಬೆರಳು ಆಡಿಸದೆ ಮಲಗಿದವರನ್ನು ಕಂಡರೆ ಇನ್ನೊಂದು ಮಾತು. "ಎಲುಬು ಮೂಕ ಅದ, ಹೆಡ್ಡ ಅಲ್ಲ. ನೀ ಕೆಲಸ ಕೊಡಲಿಲ್ಲಂದ್ರ ಅದಕ್ಕ ತಿಳೀತದ, ಈಕಿಗಿ ನಾ ಬ್ಯಾಡ ಅಂತ. ಆಮ್ಯಾಲ ಅದು ಯಾಕ ಬೆಳೀತದ?"

ಅವರಿಗೆ ಸಿಟ್ಟು ಬಂದದ್ದನ್ನು ನಾನು ಒಮ್ಮೆ ಚೆನ್ನಾಗಿ ನೋಡಿದೆ. ಕಾಲಿಗೆ ಕಟ್ಟಿದ ಪಟ್ಟಿಯನ್ನು ಯಾರೂ ಮುಟ್ಟಕೂಡದು ಅಂತ ಅವ್ವನಿಗೆ ತಾಕೀತು ಮಾಡಿದ್ದರು. ಅವ್ವ "ಹೂನ್ರಿ" ಅಂದಿದ್ದಳು. ಅವ್ವನ "ಹೂನ್ರಿ"ಗೆ ಅರ್ಥ "ನೀವು ಹೇಳೋದು ಮುಗೀತಾ" ಅಂತ. ಒಂದು ಬೆಳಿಗ್ಗೆ ಡಾಕ್ಟರಬಾಯಿ ಪಟ್ಟಿ ಬಿಚ್ಚಿದರು. ಒಳಗೆ ಹಳದಿ. ಹತ್ತಿಯೆಲ್ಲ ಹಳದಿ, ಚೌಕಟ್ಟಿನ ಮೊಳೆಗಳು ಚರ್ಮದೊಳಗೆ ಹೋಗುವ ಜಾಗವೆಲ್ಲ ಹಳದಿ. ಅವರ ಮುಖದ ರಕ್ತ ಇಳಿದುಹೋಯಿತು. ಮತ್ತೆ ಕೀವು ಅಂದುಕೊಂಡರು, ನಾನೂ ಅಂದುಕೊಂಡೆ. ಮುಗೀತು ನನ್ನ ಕಾಲು ಅನಿಸಿತು. ಅವರು ಸ್ಟೂಲಿನ ಮೇಲೆ ಕೂತು, ಬೆರಳ ತುದಿಗೆ ಹಳದಿಯನ್ನು ತೆಗೆದು, ಮೂಗಿನ ಹತ್ತಿರ ಹಿಡಿದರು. ಆಮೇಲೆ ನಿಧಾನಕ್ಕೆ ಅವ್ವನ ಕಡೆ ತಿರುಗಿದರು.

ಭಂಡಾರ. ಮೈಲಾರ ಮಲ್ಲಣ್ಣನ ಗುಡಿಯ ಅರಿಶಿನ ಪುಡಿ. ನಮ್ಮ ಕುಲದವರಿಗೆ ಮದುವೆಗೂ ಭಂಡಾರ, ಜ್ವರಕ್ಕೂ ಭಂಡಾರ, ಹೊಸ ಮರಿಯ ಹಣೆಗೂ ಭಂಡಾರ. ಅವ್ವ ಹರಕೆ ಹೊತ್ತು ತರಿಸಿ, ಪಟ್ಟಿಯ ಸಂದಿನಲ್ಲಿ ಬೆರಳು ತೂರಿಸಿ, ಭಕ್ತಿಯಿಂದ ಒಳಗೆಲ್ಲ ಉದುರಿಸಿದ್ದಳು.

"ಅವ್ವಾ," ಅಂದರು ಡಾಕ್ಟರಬಾಯಿ. ದನಿ ಏರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. "ನಿಮ್ಮ ದೇವರ ಮ್ಯಾಲ ನನಗ ಸಿಟ್ಟಿಲ್ಲ. ನಿಮ್ಮ ಕೈ ಮ್ಯಾಲ ಅದ. ಆ ಕೈ ಕುರಿ ಹಿಂಡ್ಯದ, ಹುಲ್ಲು ಹಿಡದದ, ಬಸ್ಸಿನ ಕಂಬಿ ಹಿಡದದ. ಅದೆಲ್ಲ ಈಗ ಇದರಾಗ ಹೋಗ್ಯದ."

ಅವ್ವ ಅಳತೊಡಗಿದಳು. ಡಾಕ್ಟರಬಾಯಿ ಎಲ್ಲವನ್ನೂ ತೊಳೆದರು, ಒಂದೊಂದು ಮೊಳೆಯ ಬುಡವನ್ನೂ ಬಿಡದೆ. ಹೊಸ ಪಟ್ಟಿ ಕಟ್ಟಿದ ಮೇಲೆ ಎದ್ದು ಅವ್ವನ ಮುಂದೆ ನಿಂತು ಹಣೆ ಬಗ್ಗಿಸಿದರು. "ಉಳಿದದ್ದು ಎಲ್ಲದ? ನನಗ ಹಚ್ರಿ. ಕೆಲಸ ಮಾಡೋಳು ನಾನಲ್ಲೇನು? ಶಕ್ತಿ ಬೇಕಾಗಿದ್ದು ನನಗ." ಅವ್ವ ಅಳುತ್ತಲೇ ಅವರ ಹಣೆ ತುಂಬ ಭಂಡಾರ ಬಳಿದಳು. ಆ ಹಳದಿ ಹಣೆಯಲ್ಲೇ ಅವರು ಉಳಿದ ವಾರ್ಡೆಲ್ಲ ಸುತ್ತಿ ಬಂದರು. ಮುಂದೆ ನಾವು ತಪಾಸಣೆಗೆ ಹೋದಾಗಲೆಲ್ಲ ಅವ್ವ ಮೊದಲು ಅವರ ಹಣೆಗೆ ಹಚ್ಚುವಳು, ಆಮೇಲೆ ಅವರು ನನ್ನ ಕಾಲು ಮುಟ್ಟುವರು. ಪಟ್ಟಿಯ ತಂಟೆಗೆ ಅವ್ವ ಮತ್ತೆ ಹೋಗಲಿಲ್ಲ.

ಮತ್ತೆ ಕೀವಾಗಲಿಲ್ಲ. ತಿಂಗಳುಗಳು ಕಳೆದವು, ಚೌಕಟ್ಟು ತೆಗೆದರು, ಮೊಣಕಾಲಿನ ಕೆಳಗೆ ಆಸರೆಗೊಂದು ಪಟ್ಟಾ ಬಂತು. ಪ್ರತಿ ಸಲದ ಎಕ್ಸ್‌ರೇಯಲ್ಲಿ ಗುಳಿಯೊಳಗಿನ ಗಾಜಿನ ಕಾಳು ಜೋಳದ ಕಾಳಿನಂತೆ ಬೆಳ್ಳಗೆ ಕಾಣುತ್ತಿದ್ದವು. ಅಪ್ಪನಿಗೆ ಅವನ್ನು ನೋಡುವುದೇ ಒಂದು ಸಮಾಧಾನ. ಒಂದು ಸಲ ನೋಡುತ್ತಾನೆ, ಕಾಳು ಮಸುಕಾಗಿವೆ, ಅಂಚು ಕರಗಿದೆ. "ಬಾಯಿಯವರ, ಔಷಧ ಸೋರಿ ಹೋಗಾಕತ್ತದರಿ!" ಅಂತ ಗಾಬರಿಯಾದ. ಅವರು ಹಳೆಯ ಎಕ್ಸ್‌ರೇ, ಹೊಸದು ಎರಡನ್ನೂ ಕಿಟಕಿಗೆ ಒತ್ತಿ ಹಿಡಿದರು. "ಕಾಳು ನೋಡಬ್ಯಾಡ್ರಿ ಕಾಕಾ. ಕಾಳಿನ ಸುತ್ತಮುತ್ತ ನೋಡ್ರಿ." ಎರಡು ತುಂಡು ಎಲುಬಿನ ನಡುವೆ ಕೆನೆ ಕಟ್ಟಿದ ಹಾಗೆ ಮಬ್ಬು ಬಿಳುಪು ಹಬ್ಬಿತ್ತು. "ಇದು ನಾ ಹಾಕಿದ್ದಲ್ಲ. ಈಕೀನೇ ಮಾಡಿದ್ದು. ಅದು ಹೋಗ್ಬೇಕು, ಇದು ಬರಬೇಕು." ಆಮೇಲೆ ನನ್ನ ಕಡೆ ತಿರುಗಿ, "ಇನ್ನ ನೀ ಇದರ ಮ್ಯಾಲ ಭಾರ ಹಾಕಬೇಕು. ಊರುಗೋಲು ಬಿಡು" ಅಂದರು.

ನಾನು "ಹೂನ್ರಿ" ಅಂದೆ. ಅವ್ವನ ಮಗಳು.

ಭಾರ ಹಾಕಲಿಲ್ಲ. ಹೆದರಿಕೆ. ಒಳಗೆ ಗಾಜಿದೆ, ಕಾಲೂರಿದರೆ ಚಟ್ ಅಂತ ಒಡೆಯುತ್ತದೆ ಅನ್ನುವ ಯೋಚನೆ ತಲೆಯಿಂದ ಇಳಿಯಲೊಲ್ಲದು. ಅವ್ವ ಅಪ್ಪನದೂ ಅದೇ ಕಥೆ. ನೀರಿನ ತಂಬಿಗೆಯೂ ನಾನು ಮಲಗಿದ ಹೊರಸಿಗೇ ಬರುವುದು, ರೊಟ್ಟಿಯೂ ಹೊರಸಿಗೇ. ಏಳಲು ಹೋದರೆ "ಕುಂಡ್ರವ್ವಾ, ಕುಂಡ್ರು" ಅಂತ ಇಬ್ಬರೂ ಓಡಿ ಬರುವರು. ಹೆತ್ತವರ ಮಾಯೆ ಮಮತೆ ಅನ್ನುವುದು ಕೆಲವು ಸಲ ಕೀವಿಗಿಂತ ಕೆಟ್ಟದ್ದು. ಮುಂದಿನ ತಪಾಸಣೆಯಲ್ಲಿ ಡಾಕ್ಟರಬಾಯಿ ಕಾಲು ಮುಟ್ಟಿ ನೋಡಿದವರೇ "ಸುಸ್ತಿ" ಅಂದರು. ಒಂದೇ ಮಾತು. ತೊಡೆ ಬತ್ತಿತ್ತು, ಎಲುಬು ಬೆಳೆಯುವುದನ್ನು ನಿಲ್ಲಿಸಿತ್ತು. ಹೀಗೇ ಬಿಟ್ಟರೆ ಇಷ್ಟು ಮಾಡಿದ್ದೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂದರು.

ಮುಂದಿನ ಭಾನುವಾರ ಅವರು ಹೊಲಕ್ಕೇ ಬಂದರು. ಮಂಠಾಳದ ಹತ್ತಿರ ತೊಗರಿ ಕೊಯ್ದ ಹೊಲದಲ್ಲಿ ರಾತ್ರಿ ನಮ್ಮ ಕುರಿ ಕೂಡಿಹಾಕುತ್ತಿದ್ದೆವು. ಬಸ್ಸಿಳಿದು, ಕೊಡೆ ಹಿಡಿದು, ಆ ಬೂಟಿನಲ್ಲಿ ಎರೆಮಣ್ಣಿನ ಹೆಂಟೆ ತುಳಿಯುತ್ತ ಕುಳ್ಳಗಿನ ಆಕೃತಿ ಬರುವುದನ್ನು ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತು ನಾನು ದೂರದಿಂದಲೇ ಗುರುತಿಸಿದೆ. ಅಪ್ಪ ಹಿಂಡಿನ ಜೊತೆ ಆಚೆಯ ಹೊಲದಲ್ಲಿದ್ದ. ಅವ್ವ ನೀರಿಗೆ ಹೋಗಿದ್ದಳು. ನಮ್ಮ ಹಿಂಡಿನ ನಾಯಿಯೂ ಅವರನ್ನು ಗುರುತಿಸಿತು, ಆದರೆ ಬೇರೆ ರೀತಿಯಲ್ಲಿ. ತೋಳವನ್ನು ಅಟ್ಟಿಸಿಕೊಂಡು ಹೋದ ನಾಯಿ ಅದು.

ಎಲುಬು ಕೊಯ್ಯುವಾಗ ಕೈ ನಡುಗದ ಡಾಕ್ಟರಬಾಯಿ ನಾಯಿಗೆ ಅಷ್ಟು ಹೆದರುತ್ತಾರೆಂದು ನನಗೇನು ಗೊತ್ತು! ಕೊಡೆಯನ್ನು ಮುಂದೆ ಹಿಡಿದುಕೊಂಡು ನಿಂತಲ್ಲೇ ನಿಂತರು. "ಕಾಕಾ! ನಾಯಿ ಹಿಡೀರಿ! ಯಾರದೀರಿ?" ನಾಯಿ ಕೊಡೆಯ ಸುತ್ತ ಸುತ್ತು ಹಾಕುತ್ತ ಹಲ್ಲು ಕಿರಿಯಿತು. ನಾನು ಕೂತಲ್ಲಿಂದಲೇ ಕೂಗಿದೆ, ಬೈದೆ. ನಾಯಿ ಕೇಳಲಿಲ್ಲ. ಅದರ ಹಲ್ಲು ಕೊಡೆಗೆ ತಾಗಿದ್ದು ಕಂಡಿತು. ನನಗೆ ಕಾಲು ಕೊಟ್ಟವರನ್ನು ನಮ್ಮ ನಾಯಿ ಕಚ್ಚುವುದೆಂದರೇನು? ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ, ಅದರ ಕೊರಳ ಹಗ್ಗ ಹಿಡಿದು, ಬೆನ್ನಿಗೊಂದು ಬಿಗಿದು ಜಗ್ಗಿ ನಿಲ್ಲಿಸಿದೆ.

ಡಾಕ್ಟರಬಾಯಿ ಏದುಸಿರು ಬಿಡುತ್ತಿದ್ದರು. ಕೊಡೆಯ ಮೇಲಿಂದ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು, "ತಂಗಿ, ಊರುಗೋಲು ಎಲ್ಲಿ ಬಿಟ್ಟಿ?"

ತಿರುಗಿ ನೋಡಿದೆ. ಊರುಗೋಲು ಹೊರಸಿಗೆ ಒರಗಿದ್ದವು. ಅಲ್ಲಿಂದ ಇಲ್ಲಿಯತನಕ ಎರೆಮಣ್ಣಿನಲ್ಲಿ ನನ್ನ ಹೆಜ್ಜೆ ಮೂಡಿದ್ದವು, ಎಡದ್ದೂ ಬಲದ್ದೂ. ಕಾಲೊಳಗೆ ಏನೂ ಚಟ್ ಅಂದಿರಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ, ನಾಯಿಯ ಕೊರಳು ತಬ್ಬಿಕೊಂಡು ಗೊಳೋ ಅಂತ ಅತ್ತೆ. ನೀರಿನ ಕೊಡ ಹೊತ್ತು ಬಂದ ಅವ್ವ ಏನೋ ಅನಾಹುತವಾಯಿತೆಂದು ಕೊಡ ಒಗೆದು ಓಡಿ ಬಂದಳು. ಡಾಕ್ಟರಬಾಯಿ ಮಾತ್ರ ಹತ್ತಿರ ಬರಲಿಲ್ಲ. "ಮೊದಲ ಅದನ್ನ ಕಟ್ರಿ, ಆಮ್ಯಾಲ ಎಷ್ಟರ ಅಳ್ರಿ" ಅಂದರು.

ಎಷ್ಟೋ ದಿನದ ಮೇಲೆ ಕೇಳಿದೆ, "ಬಾಯಿಯವರ, ಅವತ್ತು ಖರೇನ ಅಂಜಿದ್ರೋ, ನನಗ ಎಬ್ಬಸಾಕ ನಾಟಕ ಮಾಡಿದ್ರೋ?" ಅವರು ಪೇರಲ ಕಚ್ಚುತ್ತ "ನಾಟಕ ಮಾಡಿದ್ದೆ ಅಂದ್ರ ನನಗ ಮಾನ ಉಳೀತಿತ್ತು. ಖರೇನ ಜೀವಾನೇ ಹೋಗಿತ್ತವ್ವಾ" ಅಂದರು.

ಕಾಲು ಗಟ್ಟಿಯಾಯಿತು. ಡಿಗ್ರಿ ಮುಗಿಸಿದೆ. ಕಂಡಕ್ಟರ್ ಕೆಲಸ ಸಿಕ್ಕ ದಿನ ಅವರಿಗೆ ಮೊದಲು ಹೇಳಿದೆ. "ನಿಂತು ಮಾಡೋ ಕೆಲಸ?" ಅಂತ ಒಮ್ಮೆ ಕೇಳಿ, "ಬೇಶ್, ಎಲುಬಿಗಿ ಪಗಾರದ ಕೆಲಸ ಸಿಕ್ಕಿತು" ಅಂದರು. ಆಮೇಲೆ ನನ್ನ ಬಸ್ಸಿನಲ್ಲಿ ಕಾಲಿಗೆ ಚೌಕಟ್ಟು ಕಟ್ಟಿಕೊಂಡು ಅವರ ಆಸ್ಪತ್ರೆಗೆ ಹೋಗುವವರು ಹತ್ತಿದರೆ ಮುಂದಿನ ಸೀಟು ಬಿಡಿಸಿಕೊಡುವೆ. ಸಪ್ಪೆ ಮುಖ ಮಾಡಿಕೊಂಡು ಕೂತವರಿಗೆ ನನ್ನ ಕಾಲು ತೋರಿಸಿ "ಇದರಾಗ ಗಾಜು ಹಾಕಿದ್ರು, ಗೊತ್ತೇನು?" ಅನ್ನುವೆ. ಹುಮನಾಬಾದು ಬರುವ ತನಕ ಅವರ ಬಾಯಿ ಮುಚ್ಚುವುದಿಲ್ಲ, ಕೇಳಿದ್ದೇ ಕೇಳುತ್ತಾರೆ.

ಹೋದ ವರ್ಷ ಡಾಕ್ಟರಬಾಯಿ ತೀರಿಕೊಂಡರು. ದೊಡ್ಡ ಬೇನೆ, ಗೊತ್ತಾಗುವ ಹೊತ್ತಿಗೆ ಮೈತುಂಬ ಹಬ್ಬಿತ್ತು. ಅವ್ವ ಸುದ್ದಿ ಕೇಳಿ ಆ ದಿನ ಒಲೆ ಹಚ್ಚಲಿಲ್ಲ. ನಾನು ಅತ್ತೆ, ಆದರೆ ಅದಕ್ಕಿಂತ ಸ್ವಲ್ಪ ದಿನ ಮೊದಲು ಅವರನ್ನು ಕಂಡು ಬಂದಿದ್ದೆನಾದ್ದರಿಂದ ಎದೆಯಲ್ಲಿ ದುಃಖದ ಜೊತೆ ಇನ್ನೊಂದೂ ಇತ್ತು. ಅದನ್ನು ಹೇಳಿ ಮುಗಿಸುತ್ತೇನೆ.

ಹುಮನಾಬಾದಿನ ಅವರ ಮನೆಗೆ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಹೋಗಿದ್ದೆ. ಅವರ ತಂಗಿ ಬಾಗಿಲು ತೆಗೆದರು. ಮಂಚದ ಮೇಲೆ ಡಾಕ್ಟರಬಾಯಿ ಹಿಡಿಯಷ್ಟಾಗಿ ಮಲಗಿದ್ದರು. ಕಣ್ಣು ಮಾತ್ರ ಅವೇ. ಕುರ್ಚಿ ಎಳೆದುಕೊಳ್ಳಲು ಹೋದೆ, ಬೇಡ ಅಂತ ಬೆರಳಾಡಿಸಿದರು.

"ಕುಂಡ್ರಬ್ಯಾಡ. ನಡಿ. ಬಾಗಲದಿಂದ ಕಿಡಕಿ ತನಕ."

ಕಣ್ಣು ಮುಚ್ಚಿಕೊಂಡರು. ನಾನು ಚಪ್ಪಲಿ ಹೊರಗೆ ಬಿಟ್ಟಿದ್ದೆ. ಬರಿಗಾಲಲ್ಲಿ ಆ ಫರಸಿ ನೆಲದ ಮೇಲೆ ಬಾಗಿಲಿನಿಂದ ಕಿಟಕಿಗೆ ನಡೆದೆ, ಕಿಟಕಿಯಿಂದ ಬಾಗಿಲಿಗೆ ಬಂದೆ. ಅವರು ಕಿವಿಯನ್ನು ನನ್ನ ಹೆಜ್ಜೆಗೆ ಕೊಟ್ಟು ಮಲಗಿದ್ದರು. ಕುಂಟುವವರ ಹೆಜ್ಜೆ ಒಂದು ಗಟ್ಟಿ ಒಂದು ಮೆತ್ತಗೆ ಕೇಳುತ್ತದೆ, ವರಾಂಡದಲ್ಲಿ ಯಾರು ಬಂದರು, ಯಾವ ಕಾಲು ಅಂತ ಅವರು ಒಳಗಿನಿಂದಲೇ ಹೇಳುತ್ತಿದ್ದವರು. ಆ ವಿಷಯದಲ್ಲಿ ಅವರು ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

"ಇನ್ನೊಮ್ಮೆ" ಅಂದರು. ಇನ್ನೊಮ್ಮೆ ನಡೆದೆ.

ಹಣೆ ಗಂಟಿಕ್ಕಿ ಯೋಚಿಸಿ ಹೇಳಿದರು, "ಬಲಗಾಲು. ನಾ ಮಾಡಿದ್ದು ಬಲಗಾಲಲ್ಲೇನು?"

ಹೌದ್ರಿ ಅಂದುಬಿಡಲೇ ಅನಿಸಿತು. ಆದರೆ ನನಗೆ ಎಂದೂ ಸುಳ್ಳು ಖಾತ್ರಿ ಕೊಡದವರಿಗೆ ನಾನು ಹೇಗೆ ಸುಳ್ಳು ಹೇಳಲಿ?

"ಅಲ್ರಿ ಬಾಯಿಯವರ. ಎಡಗಾಲು."

ಅವರು ಕಣ್ಣು ತೆರೆದರು. ಮೊದಲು ಅರ್ಥವಾಗಲಿಲ್ಲವೇನೋ. ಆಮೇಲೆ ಆ ಬತ್ತಿದ ಮುಖ ನಿಧಾನಕ್ಕೆ ಅರಳಿತು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಒಳಗಿದ್ದ ತಂಗಿ ಓಡಿ ಬಂದರು. ಡಾಕ್ಟರಬಾಯಿ ನನ್ನ ಕೈ ಹಿಡಿದು ಆಕೆಗೆ ಹೇಳಿದರು, "ಕೇಳಿದೇನು? ನಾ ತಪ್ಪಿದೆ. ಎರಡೂ ಹೆಜ್ಜಿ ಒಂದೇ ನಮೂನಿ ಕೇಳ್ತಾವ. ನಾ ಮಾಡಿದ ಕಾಲು ನನಗೇ ಗೊತ್ತಾಗಲಿಲ್ಲ!"